ಐದು ಪೈಸೆಯಿಂದ ಆರೂವರೆ ರೂಪಾಯಿವರೆಗೆ: ಭಾರತದಲ್ಲಿ ಕಾಂಡೋಮ್‌ನ ಬೆಲೆ, ವಿತರಣೆ ಮತ್ತು ಕೇಳುವ ಶಕ್ತಿ

ಕಾಂಡೋಮ್‌ನ ಬೆಲೆ ಇಳಿದರೆ ಬಳಕೆ ತಾನಾಗಿಯೇ ಏರುತ್ತದೆ ಎಂಬ ನಂಬಿಕೆ ಭಾರತದ ಆರೋಗ್ಯ ನೀತಿಯಲ್ಲಿ ಅರ್ಧ ಶತಮಾನಕ್ಕೂ ಮಿಕ್ಕಿ ನೆಲೆ ನಿಂತಿದೆ. 1968ರಲ್ಲಿ ಒಂದಕ್ಕೆ ಐದು ಪೈಸೆಯಂತೆ ಸರ್ಕಾರದ ‘ನಿರೋಧ್’ ಕಾಂಡೋಮ್ ಮಾರುಕಟ್ಟೆಗೆ ಬಂತು. 2011ರಿಂದ ಆಶಾ ಕಾರ್ಯಕರ್ತೆಯರು ಮೂರರ ಪೊಟ್ಟಣವನ್ನು ಒಂದು ರೂಪಾಯಿಗೆ ಮನೆ ಬಾಗಿಲಿಗೆ ತಂದುಕೊಡತೊಡಗಿದರು. 2013ರಲ್ಲಿ ಖಾಸಗಿ ಕಂಪನಿಗಳ ಕಾಂಡೋಮ್‌ಗೂ ಒಂದಕ್ಕೆ 6.56 ರೂಪಾಯಿಯ ಮಿತಿ ಬಿತ್ತು. 2017ರಲ್ಲಿ ಜಿಎಸ್‌ಟಿ ಜಾರಿಯಾದಾಗ ಸ್ಯಾನಿಟರಿ ಪ್ಯಾಡ್‌ಗೆ ಶೇ. 12ರಷ್ಟು ತೆರಿಗೆ ಹಾಕಿದವರು ಕಾಂಡೋಮ್‌ಗೆ ಪೂರ್ತಿ ವಿನಾಯಿತಿ ಕೊಟ್ಟರು. ಇಷ್ಟೆಲ್ಲ ಆದ ಮೇಲೂ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಹೊತ್ತಿಗೆ ವಿವಾಹಿತರಲ್ಲಿ ಕಾಂಡೋಮ್ ನೆಚ್ಚಿಕೊಂಡವರು ಶೇ. 9.5 ಮಾತ್ರ. ಹಿಂದಿನ ಸಮೀಕ್ಷೆಯ ಶೇ. 5.6ಕ್ಕೆ ಹೋಲಿಸಿದರೆ ಏರಿಕೆ ಹೌದು. ಆದರೆ ಅದೇ ಸಮೀಕ್ಷೆಯಲ್ಲಿ ಹೆಣ್ಣಿನ ಸಂತಾನಹರಣ ಶಸ್ತ್ರಚಿಕಿತ್ಸೆಯ ಪಾಲು ಶೇ. 37.9, ಕರ್ನಾಟಕದಲ್ಲಂತೂ ಶೇ. 57.4. ಗಂಡಸರ ಶಸ್ತ್ರಚಿಕಿತ್ಸೆ ದೇಶದಲ್ಲಿ ಶೇ. 0.3. ಅಂದರೆ ಪುಕ್ಕಟೆ ಸಿಗುವ ರಬ್ಬರಿಗಿಂತ ಹೆಂಗಸಿನ ಹೊಟ್ಟೆಗೆ ಹಾಕುವ ಕತ್ತರಿಯೇ ನಮ್ಮ ಕುಟುಂಬಗಳಿಗೆ ‘ಅಗ್ಗ’ವಾಗಿ ಕಂಡಿದೆ.

ಬೆಲೆಯೊಂದರಿಂದಲೇ ಇದನ್ನು ವಿವರಿಸಲಾಗದು ಎಂಬುದು ಈ ಲೇಖನದ ವಾದ. ಕಾಂಡೋಮ್ ಬಳಸಬೇಕಾದವರು ಅದನ್ನು ಎರಡು ಸಲ ಕೇಳಬೇಕು: ಒಮ್ಮೆ ಅಂಗಡಿಯಲ್ಲಿ, ಇನ್ನೊಮ್ಮೆ ಹಾಸಿಗೆಯಲ್ಲಿ. ಸರ್ಕಾರದ ಲೆಕ್ಕ ಮೊದಲನೆಯದರ ಅರ್ಧಕ್ಕೇ ನಿಂತಿದೆ.

ಮೈಸೂರು ಸಂಸ್ಥಾನದಿಂದ ಕಿರಾಣಿ ಅಂಗಡಿಗೆ

ಗರ್ಭನಿರೋಧವನ್ನು ಸರ್ಕಾರದ ಕೆಲಸವೆಂದು ಮೊದಲು ಒಪ್ಪಿಕೊಂಡ ಆಡಳಿತಗಳಲ್ಲಿ ಮೈಸೂರು ಸಂಸ್ಥಾನವೂ ಒಂದು. 1930ರಲ್ಲೇ ಬೆಂಗಳೂರು ಮತ್ತು ಮೈಸೂರಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳು ತೆರೆದವು. ಅದಕ್ಕೂ ಮುನ್ನ, 1921ರಲ್ಲಿ, ಮುಂಬಯಿಯಲ್ಲಿ ರಘುನಾಥ ಧೋಂಡೋ ಕರ್ವೆ ಖಾಸಗಿಯಾಗಿ ಅಂಥದೊಂದನ್ನು ನಡೆಸಿ ಸಾಕಷ್ಟು ಬೈಸಿಕೊಂಡಿದ್ದರು. ಮೈಸೂರಿನ ಪ್ರಯೋಗದಲ್ಲಿ ಗಮನಿಸಬೇಕಾದ್ದು ಅದರ ಜಾಗ. ಅದು ಆಸ್ಪತ್ರೆಯಲ್ಲಿತ್ತು. ಅಲ್ಲಿಗೆ ಹೋಗಬೇಕಾದವಳು ಹೆಂಡತಿ, ಹೇಳುವವರು ವೈದ್ಯರು, ಗಂಡ ಹೊರಗೆ.

1964ರಲ್ಲಿ ಕೋಲ್ಕತ್ತಾದ ಐಐಎಂನ ತಂಡವೊಂದು ಈ ಜಾಗವನ್ನೇ ಬದಲಿಸುವ ಸಲಹೆ ಕೊಟ್ಟಿತು. ಕಾಂಡೋಮ್ ಔಷಧಿಯಂತೆ ಅಲ್ಲ, ಚಹಾಪುಡಿ, ಸೋಪು, ಬೆಂಕಿಪೊಟ್ಟಣಗಳಂತೆ ಮಾರಾಟವಾಗಬೇಕು ಎಂಬುದು ಅದರ ತಿರುಳು. ಅದರಂತೆ ಹಿಂದೂಸ್ತಾನ್ ಲಿವರ್, ಬ್ರೂಕ್ ಬಾಂಡ್, ಲಿಪ್ಟನ್, ಇಂಡಿಯಾ ಟೊಬ್ಯಾಕೊ, ಯೂನಿಯನ್ ಕಾರ್ಬೈಡ್, ಟಾಟಾ ಆಯಿಲ್ ಮಿಲ್ಸ್‌ಗಳ ಮಾರಾಟ ಜಾಲವನ್ನು ಸರ್ಕಾರ ಬಳಸಿಕೊಂಡಿತು. ಮೂರಕ್ಕೆ ಹದಿನೈದು ಪೈಸೆ. ಹೊಸ ವಸ್ತುವಿಗೆ ಮನ್ಮಥನ ನೆನಪಿನಲ್ಲಿ ‘ಕಾಮರಾಜ್’ ಎಂಬ ಹೆಸರನ್ನು ಮೊದಲು ಯೋಚಿಸಿದ್ದರಂತೆ. ಕಾಂಗ್ರೆಸ್ ಅಧ್ಯಕ್ಷರ ಹೆಸರೂ ಅದೇ ಆಗಿದ್ದರಿಂದ ಕೈಬಿಟ್ಟರು ಎಂದು ಆ ಕಾಲದ ಅಧಿಕಾರಿ ವಲಯದ ಕಥೆ. ಮೊದಲ ಸರಕು ಹೊರದೇಶದಿಂದ ಬಂತು. 1966ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಲೇಟೆಕ್ಸ್ ಕಂಪನಿ ಜಪಾನಿನ ಒಕಮೊಟೊ ತಂತ್ರಜ್ಞಾನದಿಂದ 1969ರಲ್ಲಿ ತಿರುವನಂತಪುರದಲ್ಲಿ ಉತ್ಪಾದನೆ ಶುರುಮಾಡಿತು. 1985ರಲ್ಲಿ ಬೆಳಗಾವಿ ಜಿಲ್ಲೆಯ ಕಣಗಲಾದಲ್ಲೂ ಅದರ ಕಾರ್ಖಾನೆ ಬಂತು. ಮುಂದೆ ಕರ್ನಾಟಕದಲ್ಲಿ ಎಚ್‌ಐವಿ ಹೆಚ್ಚು ಕಾಡಿದ ಜಿಲ್ಲೆಗಳಲ್ಲಿ ಬೆಳಗಾವಿಯೂ ಸೇರಿತ್ತು. ಗರ್ಭನಿರೋಧಕದ ಕಾರ್ಖಾನೆ ಜಿಲ್ಲೆಯಲ್ಲೇ ಇದ್ದ ಮಾತ್ರಕ್ಕೆ ಸೋಂಕು ನಿಲ್ಲಲಿಲ್ಲ.

ನಿರೋಧ್‌ನ ಯಶಸ್ಸನ್ನು ಐದು ಪೈಸೆಗೆ ಕಟ್ಟುವುದು ವಾಡಿಕೆ. ನನ್ನ ದೃಷ್ಟಿಯಲ್ಲಿ ಅದರ ಜಾಣ್ಮೆ ಕಿರಾಣಿ ಅಂಗಡಿಯಲ್ಲಿತ್ತು. ಉಪ್ಪು, ಬೀಡಿಯ ಜೊತೆಗೆ ಒಂದು ಮಾತಿನಲ್ಲಿ ಕೇಳಿ ಜೇಬಿಗಿಳಿಸಬಹುದಾದ ವಸ್ತುವಾಗಿತ್ತು ಅದು. ಆ ದಾರಿ ಬಹುಕಾಲ ಉಳಿಯಲಿಲ್ಲ. 1976–77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಮಿಕ್ಕಿ ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು, ಅದರಲ್ಲಿ ಹೆಚ್ಚಿನವರು ಗಂಡಸರು. ತುರ್ತು ಪರಿಸ್ಥಿತಿ ಮುಗಿದ ಮೇಲೆ ಗಂಡಸರು ಆಪರೇಷನ್ ಮೇಜಿನತ್ತ ತಿರುಗಿಯೂ ನೋಡಲಿಲ್ಲ, ಹೆಂಗಸರನ್ನು ಮಲಗಿಸಲಾಯಿತು. ಗುರಿ ಮುಟ್ಟಿಸಬೇಕಾದ ಸಿಬ್ಬಂದಿಗೆ ಕಾಂಡೋಮ್‌ನ ಲೆಕ್ಕ ನಂಬಿಕೆಯದಾಗಿರಲಿಲ್ಲ. ಹಂಚಿದ್ದು ಎಷ್ಟು, ಬಳಸಿದ್ದು ಎಷ್ಟು, ಓಣಿಯ ಮಕ್ಕಳ ಕೈಯಲ್ಲಿ ಬಲೂನಾಗಿದ್ದು ಎಷ್ಟು ಎಂದು ಯಾರು ಹೇಳಬೇಕು? ‘ಆಪರೇಷನ್’ ಆದರೆ ರಿಜಿಸ್ಟರಿನಲ್ಲಿ ಒಂದು ಹೆಸರು ಖಚಿತ.

ಇದರ ಇನ್ನೊಂದು ಪರಿಣಾಮದ ಚರ್ಚೆ ಕಡಿಮೆ. ದಕ್ಷಿಣದ ರಾಜ್ಯಗಳಲ್ಲಿ ಬಹುಪಾಲು ಹೆಂಗಸರಿಗೆ ಮೂವತ್ತು ತುಂಬುವ ಮೊದಲೇ ಆಪರೇಷನ್ ಆಗಿರುತ್ತದೆ. ಕಾಂಡೋಮ್ ಅಂದರೆ ಮಕ್ಕಳಾಗದ ಹಾಗೆ ತಡೆಯುವುದು ಅಷ್ಟೇ ಎಂದು ಕಲಿತ ಮನೆಯಲ್ಲಿ ಅಂದಿನಿಂದ ಅದರ ಅಗತ್ಯವೇ ಮುಗಿಯುತ್ತದೆ. ಸಿಫಿಲಿಸ್, ಗೊನೊರಿಯಾ, ಎಚ್‌ಐವಿಯಿಂದ ಆಕೆಗೆ ಸಿಗಬಹುದಾಗಿದ್ದ ರಕ್ಷಣೆಯೂ ಅದರೊಂದಿಗೇ ಹೋಗುತ್ತದೆ. ಆಮೇಲೆ ಆಕೆ ಅದನ್ನು ಕೇಳಿದರೆ ಅದಕ್ಕೊಂದೇ ಅರ್ಥ: ಗಂಡನ ಮೇಲೆ ಅನುಮಾನ.

6.56 ರೂಪಾಯಿಯ ಲೆಕ್ಕ

ಬೆಲೆಗೆ ಮಹತ್ವವೇ ಇಲ್ಲವೆಂದಲ್ಲ. ಡಿಕೆಟಿ ಸಂಸ್ಥೆಯ ಸ್ಥಾಪಕ ಫಿಲಿಪ್ ಹಾರ್ವೆ (ಕುಟುಂಬ ಯೋಜನೆಯ ಕೆಂಪು ತ್ರಿಕೋನ ರೂಪಿಸಿದ ನಮ್ಮ ಅಧಿಕಾರಿ ತ್ಯಾಗಿಯವರ ಹೆಸರನ್ನೇ ಆ ಸಂಸ್ಥೆಗೆ ಇಟ್ಟಿದ್ದಾರೆ) 1994ರಲ್ಲಿ ಹಲವು ದೇಶಗಳ ಮಾರಾಟದ ಅಂಕಿಅಂಶ ಪರಿಶೀಲಿಸಿ ಒಂದು ಅಳತೆ ಕೊಟ್ಟರು: ದಂಪತಿಗಳ ಒಂದು ವರ್ಷದ ಗರ್ಭನಿರೋಧದ ಖರ್ಚು ದೇಶದ ತಲಾ ಆದಾಯದ ಶೇ. 1ನ್ನು ದಾಟಿದರೆ ಮಾರಾಟ ಕುಸಿಯುತ್ತದೆ. ಈ ಅಳತೆಯನ್ನು 2013ರ ಬೆಲೆ ಮಿತಿಗೆ ಹಿಡಿದು ನೋಡೋಣ. ವರ್ಷಕ್ಕೆ 100 ಕಾಂಡೋಮ್ ಎಂದರೆ 656 ರೂಪಾಯಿ. 120 ಎಂದರೆ 787. ಆ ವರ್ಷದ ತಲಾ ಆದಾಯ 75 ಸಾವಿರ ರೂಪಾಯಿಯ ಆಸುಪಾಸಿನಲ್ಲಿತ್ತು, ಅದರ ಶೇ. 1 ಎಂದರೆ 750. ಮಿತಿ ಸರಿಯಾಗಿ ಗೆರೆಯ ಮೇಲೇ ನಿಂತಿತ್ತು. ಆದರೆ ಈ ಸರಾಸರಿಯ ಅರ್ಧದಷ್ಟೂ ದುಡಿಯದ ಕೂಲಿಯವನಿಗೆ ಆ ಗೆರೆ ಕೈಗೆಟುಕದ್ದು. ಅವನ ಪಾಲಿಗೆ ಇದ್ದದ್ದು ನಿರೋಧ್, ಅದೂ ಉಪಕೇಂದ್ರದಲ್ಲಿ ದಾಸ್ತಾನು ಇದ್ದರೆ. ಮಿತಿಯಿಂದ ಲಾಭವಾಗುತ್ತಿದ್ದದ್ದು ಹೇಗಿದ್ದರೂ ಕೊಳ್ಳಬಲ್ಲ ಪಟ್ಟಣದ ಮಧ್ಯಮ ವರ್ಗಕ್ಕೆ.

ಈ ಮಿತಿಯ ವಿರುದ್ಧ ಕಾಂಡೋಮ್ ಮಾರುವ ರೆಕಿಟ್ ಬೆಂಕೈಸರ್ ಮತ್ತು ಜೆ.ಕೆ. ಆನ್ಸೆಲ್ ಕಂಪನಿಗಳು ದೆಹಲಿ ಹೈಕೋರ್ಟಿಗೆ ಹೋದವು. ಕಾಂಡೋಮ್ ಔಷಧವಲ್ಲ, ಸಾಧನ. ತಮ್ಮ ದುಬಾರಿ ಮಾದರಿಗಳನ್ನು ಜನ ಕೊಳ್ಳುವುದು ಸುಖಕ್ಕಾಗಿ ಎಂದು ವಾದಿಸಿದವು. 2015ರ ಜುಲೈನಲ್ಲಿ ನ್ಯಾಯಾಲಯ ಬೆಲೆ ಮಿತಿಯ ಆದೇಶಗಳನ್ನು ರದ್ದುಪಡಿಸಿತು. ಕಂಪನಿಗಳ ಲಾಭದ ಲೆಕ್ಕವನ್ನು ಬದಿಗಿಟ್ಟು ನೋಡಿದರೆ ಸುಖದ ಮಾತಿನಲ್ಲಿ ಹುರುಳಿತ್ತು. 1991ರಲ್ಲಿ ಕಾಮಸೂತ್ರ ಬ್ರ್ಯಾಂಡ್ ಬಂದಾಗಿನಿಂದ ಖಾಸಗಿ ಮಾರುಕಟ್ಟೆ ಗ್ರಾಹಕನನ್ನು ಬಯಕೆಯುಳ್ಳ ಮನುಷ್ಯನಂತೆ ಮಾತಾಡಿಸಿದೆ. ಸರ್ಕಾರ ಮಾತ್ರ ಅವನನ್ನು ಜನಸಂಖ್ಯೆಯ ಒಂದು ಅಂಕಿಯಾಗಿಯೇ ಕಂಡಿತು.

ಪುಕ್ಕಟೆ ಕಾಂಡೋಮ್ ಕಳಪೆ, ಹರಿಯುತ್ತದೆ ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ದೇಶದಲ್ಲಿ ಮಾರುವ ಮತ್ತು ಹಂಚುವ ಎಲ್ಲ ಕಾಂಡೋಮ್‌ಗಳೂ ಔಷಧ ನಿಯಮಗಳ ‘ಆರ್’ ಅನುಸೂಚಿಯ ಪರೀಕ್ಷೆ ದಾಟಲೇಬೇಕು. ಗಾಳಿ ತುಂಬಿ ಎಷ್ಟು ಒತ್ತಡಕ್ಕೆ ಒಡೆಯುತ್ತದೆ, ನೀರು ತುಂಬಿದರೆ ಸೋರುತ್ತದೆಯೇ ಎಂದು ಪ್ರತಿ ಬ್ಯಾಚ್‌ನಿಂದ ಮಾದರಿ ತೆಗೆದು ನೋಡುತ್ತಾರೆ. ಹೆಚ್ಚಿನ ಬೆಲೆ ಕೊಟ್ಟರೆ ಸಿಗುವುದು ಸುವಾಸನೆ, ಚುಕ್ಕಿ, ತೆಳುತನ. ಹೆಚ್ಚಿನ ಸುರಕ್ಷತೆ ಅಲ್ಲ. ಹರಿಯುವುದಕ್ಕೆ ಕಾರಣ ಸಾಮಾನ್ಯವಾಗಿ ಬಳಕೆಯಲ್ಲಿರುತ್ತದೆ. ಅಪರಾಧಿಗಳಲ್ಲಿ ಒಂದು ಕೊಬ್ಬರಿ ಎಣ್ಣೆ. ಎಣ್ಣೆ, ವ್ಯಾಸಲೀನ್, ಬೇಬಿ ಆಯಿಲ್ ತಗಲಿದರೆ ಲೇಟೆಕ್ಸ್ ರಬ್ಬರು ನಿಮಿಷಗಳಲ್ಲೇ ಬಲ ಕಳೆದುಕೊಳ್ಳುತ್ತದೆ. ನೀರು ಅಥವಾ ಸಿಲಿಕೋನ್ ಆಧಾರದ ಜೆಲ್‌ನಿಂದ ಆ ತೊಂದರೆಯಿಲ್ಲ. ಪರ್ಸಿನಲ್ಲಿ ತಿಂಗಳುಗಟ್ಟಲೆ ಮಡಚಿಟ್ಟದ್ದು, ಬಿಸಿಲಿಗೆ ಕಾದ ಬೈಕಿನ ಡಿಕ್ಕಿಯಲ್ಲಿದ್ದದ್ದು, ಅವಧಿ ಮುಗಿದದ್ದು, ಒಂದರ ಮೇಲೊಂದು ಹಾಕಿಕೊಂಡದ್ದು ಎಲ್ಲವೂ ಅಪಾಯವೇ. ಪ್ರತಿ ಸಲವೂ ಸರಿಯಾಗಿ ಬಳಸಿದರೆ ವರ್ಷದಲ್ಲಿ ನೂರು ಮಹಿಳೆಯರಲ್ಲಿ ಇಬ್ಬರು ಗರ್ಭಿಣಿಯರಾಗುತ್ತಾರೆ. ಜನ ಸಾಮಾನ್ಯವಾಗಿ ಬಳಸುವ ರೀತಿಯಲ್ಲಿ ಹದಿಮೂರು ಮಂದಿ. ಈ ಅಂತರವನ್ನು ಯಾವ ಬೆಲೆ ನಿಯಂತ್ರಣವೂ ತುಂಬಲಾರದು. ಪೊಟ್ಟಣದ ಮೇಲಿನ ಸೂಚನೆಯನ್ನು ಕನ್ನಡದಲ್ಲಿ, ಓದಲು ಬರುವ ಅಕ್ಷರದಲ್ಲಿ ಅಚ್ಚು ಹಾಕಿದರೆ ತುಸುವಾದರೂ ತುಂಬೀತು.

ಮೈಸೂರಿನ ಮೂರು ಅಂಕಿಗಳು

ಬೆಲೆಯನ್ನು ಸೊನ್ನೆಗೆ ಇಳಿಸಿ ಉಳಿದ ಅಂಶಗಳನ್ನು ಅಳೆಯುವ ಅವಕಾಶ ಸಂಶೋಧಕರಿಗೆ ಅಪರೂಪಕ್ಕೆ ಸಿಗುತ್ತದೆ. ಮೈಸೂರಿನಲ್ಲಿ ಸಿಕ್ಕಿತು. ಗೇಟ್ಸ್ ಪ್ರತಿಷ್ಠಾನದ ‘ಆವಾಹನ್’ ಯೋಜನೆಯಡಿ 2004ರಲ್ಲಿ ಲೈಂಗಿಕ ಕಾರ್ಯಕರ್ತೆಯರ ನಡುವೆ ಅಲ್ಲಿ ಕೆಲಸ ಶುರುವಾಯಿತು. ಮುಂದೆ ಅದನ್ನು ಅವರದೇ ಸಂಘಟನೆಯಾದ ಆಶೋದಯ ಸಮಿತಿ ವಹಿಸಿಕೊಂಡಿತು. ಕಾಂಡೋಮ್ ಉಚಿತ. ಅದನ್ನು ತಂದುಕೊಡುವವಳು ಅದೇ ಬೀದಿಯಲ್ಲಿ ದುಡಿಯುವ ಹೆಂಗಸು. ಸ್ನಾನ ಮಾಡಿ, ಊಟ ಮಾಡಿ, ಮಧ್ಯಾಹ್ನ ಹೊರಳಿ ಮಲಗಲು ಒಂದು ಮನೆ, ಬೈಯದ ವೈದ್ಯರಿರುವ ಕ್ಲಿನಿಕ್, ಪೊಲೀಸರು ಹಿಡಿದರೆ ಓಡಿ ಬರುವ ಜನ. 2004 ಮತ್ತು 2006ರ ಸಮೀಕ್ಷೆಗಳ ನಡುವೆ ಸಿಫಿಲಿಸ್ ಶೇ. 25ರಿಂದ 12ಕ್ಕೆ ಇಳಿಯಿತು.

ನನಗೆ ಮುಖ್ಯವೆನಿಸುವುದು ಬೇರೆ ಅಂಕಿಗಳು. ಕೊನೆಯ ಸಂಭೋಗದಲ್ಲಿ ಕಾಂಡೋಮ್ ಬಳಕೆ ಅಪರೂಪದ ಗಿರಾಕಿಯೊಂದಿಗೆ ಶೇ. 65ರಿಂದ 90ಕ್ಕೆ ಏರಿತು. ಮತ್ತೆಮತ್ತೆ ಬರುವ ಗಿರಾಕಿಯೊಂದಿಗೆ 53ರಿಂದ 66ಕ್ಕೆ. ಗಂಡ ಅಥವಾ ಖಾಯಂ ಸಂಗಾತಿಯೊಂದಿಗೆ 7ರಿಂದ 30ಕ್ಕೆ. ಹೆಂಗಸು ಅವಳೇ. ಚೀಲದಲ್ಲಿರುವ ಕಾಂಡೋಮೂ ಅದೇ. ಅದರ ಬೆಲೆ ಮೂರೂ ಕಡೆ ಸೊನ್ನೆ, ಅದರ ಬಗ್ಗೆ ಅವಳಿಗಿರುವ ತಿಳಿವಳಿಕೆಯೂ ಒಂದೇ. ಬದಲಾಗಿದ್ದು ಎದುರಿಗಿರುವ ಗಂಡಸಿನೊಂದಿಗೆ ಅವಳ ಸಂಬಂಧ ಒಂದೇ. ಅಪರಿಚಿತನಿಗೆ ‘ಇಲ್ಲದಿದ್ದರೆ ಬೇಡ, ಹೋಗು’ ಎನ್ನಬಲ್ಲವಳು ಮನೆಯವನಿಗೆ ಹಾಗೆನ್ನಲಾರಳು. ಪ್ರೀತಿ, ನಂಬಿಕೆ, ಮಕ್ಕಳ ತಂದೆ ಎಂಬ ಸ್ಥಾನ ಎಲ್ಲವೂ ಕಾಂಡೋಮ್‌ನ ವಿರುದ್ಧ ನಿಲ್ಲುತ್ತವೆ. ಲೈಂಗಿಕ ಸುರಕ್ಷತೆಯ ಬಗ್ಗೆ ಊರಿನಲ್ಲೇ ಹೆಚ್ಚು ತಿಳಿದ, ಸಂಘಟನೆಯ ಬಲವಿರುವ ಹೆಂಗಸಿನ ಸ್ಥಿತಿಯೇ ಹೀಗಾದರೆ ಅಂಥ ಬಲವಿಲ್ಲದ ಗೃಹಿಣಿಯ ಸ್ಥಿತಿಯನ್ನು ಊಹಿಸಬಹುದು. ಶೇ. 9.5ನ್ನು ಓದಬೇಕಾದ್ದು ಈ ಬೆಳಕಿನಲ್ಲಿ. ಹಾಗೆಂದು 7ರಿಂದ 30ಕ್ಕೆ ಏರಿದ್ದನ್ನು ಕಡೆಗಣಿಸುವಂತಿಲ್ಲ. ಎರಡೇ ವರ್ಷದಲ್ಲಿ ನಾಲ್ಕು ಪಟ್ಟು.

ಥಾಯ್ಲೆಂಡ್ 1991ರಿಂದ ದೇಶದಾದ್ಯಂತ ನಡೆಸಿದ ‘ನೂರಕ್ಕೆ ನೂರು ಕಾಂಡೋಮ್’ ಕಾರ್ಯಕ್ರಮ ವೇಶ್ಯಾಗೃಹದ ಮಾಲೀಕನನ್ನು ಹೊಣೆಯಾಗಿಸಿ ಗಿರಾಕಿಗೆ ಆಯ್ಕೆಯೇ ಇಲ್ಲದಂತೆ ಮಾಡಿತು. ಫಲವೂ ಸಿಕ್ಕಿತು. ಆದರೆ ಮನೆಯೊಳಗಿನ ಹಾಸಿಗೆಗೆ ಅಂಥ ಮಾಲೀಕನಿಲ್ಲ.

ಕೌಂಟರಿನ ಆಚೆ ಈಚೆ

ಅಂಗಡಿಯಲ್ಲಿ ಕೇಳುವುದರ ಮಾತಿಗೆ ಬರೋಣ. ಮೆಡಿಕಲ್ ಶಾಪಿನಲ್ಲಿ ಬೇರೆ ಗಿರಾಕಿಗಳು ಹೋಗುವವರೆಗೂ ಕೆಮ್ಮಿನ ಮಾತ್ರೆ ನೋಡುತ್ತಾ ನಿಲ್ಲುವುದು, ಕೊಟ್ಟದ್ದನ್ನು ಅಂಗಡಿಯವನು ಕಾಗದದಲ್ಲಿ ಸುತ್ತಿ ಕಪ್ಪು ಕವರಿಗೆ ಹಾಕುವುದು ಎಲ್ಲರಿಗೂ ಗೊತ್ತಿರುವ ಸಂಗತಿ. 2008ರಲ್ಲಿ ಬಿಬಿಸಿ ವರ್ಲ್ಡ್ ಸರ್ವಿಸ್ ಟ್ರಸ್ಟ್ ಕರ್ನಾಟಕವೂ ಸೇರಿದಂತೆ ನಾಲ್ಕು ರಾಜ್ಯಗಳಲ್ಲಿ ನಡೆಸಿದ ಪ್ರಚಾರ ಕಾಂಡೋಮ್ ಎಂಬ ಹೆಸರನ್ನು ನಾಚಿಕೆಯಿಲ್ಲದೆ ಹೇಳಿಸಲು ಹೊರಟಿತ್ತು. ‘ಕಾಂಡೋಮ್, ಕಾಂಡೋಮ್’ ಎಂದು ಹಾಡುವ ಮೊಬೈಲ್ ರಿಂಗ್‌ಟೋನ್ ಅದರದೇ ಕೊಡುಗೆ. ಒಂಬತ್ತು ವರ್ಷಗಳ ನಂತರ, 2017ರ ಡಿಸೆಂಬರಿನಲ್ಲಿ, ಕಾಂಡೋಮ್ ಜಾಹೀರಾತುಗಳನ್ನು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮಾತ್ರ ತೋರಿಸಬೇಕೆಂದು ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಟಿವಿ ವಾಹಿನಿಗಳಿಗೆ ಸೂಚಿಸಿತು. ಅಶ್ಲೀಲವಾದವುಗಳಿಗೆ ಮಾತ್ರ ಈ ನಿರ್ಬಂಧ ಎಂಬ ಸ್ಪಷ್ಟನೆ ಆಮೇಲೆ ಬಂತು. ಒಂದು ಇಲಾಖೆ ಹಂಚುವ ವಸ್ತುವನ್ನು ಇನ್ನೊಂದು ಇಲಾಖೆ ಬಚ್ಚಿಡುವ ಈ ಗೊಂದಲ ಬೀದಿಯಲ್ಲಿ ಇನ್ನೂ ಕಠೋರ. ಹೆಂಗಸಿನ ಚೀಲದಲ್ಲಿ ಕಾಂಡೋಮ್ ಸಿಕ್ಕಿದ್ದನ್ನೇ ಪೊಲೀಸರು ಅಪರಾಧದ ಸಾಕ್ಷಿಯೆಂದು ಹಿಡಿಯುತ್ತಿದ್ದರು. ಹಾಗೆ ಮಾಡಬಾರದೆಂದು ಸುಪ್ರೀಂ ಕೋರ್ಟ್ ನಿರ್ದೇಶನ ಕೊಟ್ಟದ್ದು 2022ರ ಮೇ ತಿಂಗಳಲ್ಲಿ, ಬುದ್ಧದೇವ್ ಕರ್ಮಾಸ್ಕರ್ ಪ್ರಕರಣದಲ್ಲಿ. ಪುಕ್ಕಟೆ ಕೊಟ್ಟ ವಸ್ತುವನ್ನು ಇಟ್ಟುಕೊಂಡದ್ದಕ್ಕೆ ಠಾಣೆಯಲ್ಲಿ ರಾತ್ರಿ ಕಳೆಯಬೇಕಾದರೆ ಅದರ ನಿಜವಾದ ಬೆಲೆ ಎಷ್ಟು?

ಅದೇ ವರ್ಷದ ನವೆಂಬರಿನಲ್ಲಿ ಬೆಂಗಳೂರಿನ ಶಾಲಾ ಮಕ್ಕಳ ಬ್ಯಾಗುಗಳಲ್ಲಿ ಕಾಂಡೋಮ್ ಸಿಕ್ಕಿತೆಂಬ ಸುದ್ದಿ ಗದ್ದಲ ಎಬ್ಬಿಸಿತು. 2023ರ ಜನವರಿಯಲ್ಲಿ ಅಪ್ರಾಪ್ತರಿಗೆ ಗರ್ಭನಿರೋಧಕ ಮಾರಬಾರದೆಂಬ ಸುತ್ತೋಲೆಯ ವರದಿಗಳು ಬಂದವು. ಟೀಕೆ ಎದ್ದ ಮೇಲೆ ನಿಷೇಧವಿಲ್ಲ, ಔಷಧ ವ್ಯಾಪಾರಿಗಳು ತಿಳಿ ಹೇಳಿದರೆ ಸಾಕು ಎಂದು ಅಧಿಕಾರಿಗಳು ವಿವರಿಸಿದರು. ಜನ ನಿಂತಿರುವ ಕೌಂಟರಿನಲ್ಲಿ ಹದಿಹರೆಯದ ಹುಡುಗನಿಗೆ ತಿಳಿ ಹೇಳುವುದು ಅವನನ್ನು ವಾಪಸು ಕಳಿಸುವುದಕ್ಕಿಂತ ಬಹಳ ಭಿನ್ನವಾಗಿರಲಾರದು.

ಈಚೆಗೆ ನಗರಗಳಲ್ಲಿ ಈ ಕೌಂಟರನ್ನೇ ದಾಟಿಹೋಗುವ ದಾರಿ ತೆರೆದಿದೆ. ಮೊಬೈಲ್ ಆ್ಯಪ್‌ನಲ್ಲಿ ಹಾಲು, ಸೊಪ್ಪಿನ ಜೊತೆ ಕಾಂಡೋಮ್ ಒತ್ತಿದರೆ ಹತ್ತು ಹದಿನೈದು ನಿಮಿಷದಲ್ಲಿ ಬಾಗಿಲಿಗೆ ಬರುತ್ತದೆ. 1968ರ ಕಿರಾಣಿ ಅಂಗಡಿಯ ಉಪಾಯ ಮರಳಿ ಬಂದಿದೆ, ಆದರೆ ಐದು ಪೈಸೆಯ ಕಟ್ಟಳೆ ಕಳಚಿಕೊಂಡು. ಅಲ್ಲಿ ಎದ್ದು ಕಾಣುವುದು ಹತ್ತರ ದೊಡ್ಡ ಪೊಟ್ಟಣ, ದುಬಾರಿ ಮಾದರಿ. ಕೇಳುವ ಮುಜುಗರ ತಪ್ಪಿಸಿದ್ದಕ್ಕೆ ಗ್ರಾಹಕ ಹೆಚ್ಚಿನ ಹಣ ತೆರುತ್ತಾನೆ, ಸಂತೋಷವಾಗಿಯೇ ತೆರುತ್ತಾನೆ. ಹಾಗಾಗಿ ಮುಂದಿನ ಅಧ್ಯಯನಗಳು ಬೆಲೆಯ ಜೊತೆಗೆ ಕೊಳ್ಳುವವರ ಏಕಾಂತವನ್ನೂ ಅಳೆಯಬೇಕು: ಆರ್ಡರ್ ಮಾಡಿದ್ದು ಯಾರ ಫೋನಿನಿಂದ, ಬಾಗಿಲು ತೆರೆದವರು ಯಾರು, ಮನೆಗೊಂದೇ ಫೋನ್ ಇರುವ ಕಡೆ ಹಳೆಯ ಆರ್ಡರುಗಳ ಪಟ್ಟಿ ಯಾರ ಕಣ್ಣಿಗೆ ಬೀಳುತ್ತದೆ.