ಲೋರಿಂತ್ಸ್, ಲೌರೆನ್ಸ್, ಅತ್ತೂರಿನ ಲಾರೆನ್ಸ್

ಹಾರ್ಲೆಮ್‌ನ ಗ್ರೋಟೆ ಮಾರ್ಕ್ಟ್‌ನಲ್ಲಿ ಕೈಯಲ್ಲೊಂದು ಅಕ್ಷರ ಎತ್ತಿ ಹಿಡಿದು ನಿಂತ ಕಂಚಿನ ಮನುಷ್ಯನನ್ನು ಇಲ್ಲಿರುವ ನಾವೆಲ್ಲ ನೋಡಿದ್ದೇವೆ. ಅವನೇ ಲೌರೆನ್ಸ್ ಯಾನ್ಸೋನ್ ಕೋಸ್ಟರ್. ಅಚ್ಚಿನ ಮೊಳೆ ಮೊದಲು ಕಂಡುಹಿಡಿದವನು ಇವನೇ ಅಂತ ಊರವರ ಹಳೆಯ ನಂಬಿಕೆ. ಚರಿತ್ರೆ ಬರೆಯುವವರು ಈಗ ಒಪ್ಪುವುದಿಲ್ಲ, ಆದರೂ 1856ರಲ್ಲಿ ನಿಲ್ಲಿಸಿದ ಪ್ರತಿಮೆಯನ್ನು ಯಾರೂ ಇಳಿಸಲಿಲ್ಲ. ಸೈಟಿನಲ್ಲಿ ನನ್ನ ಜೊತೆ ಕೇಬಲ್ ಎಳೆಯುವ ಹಂಗೇರಿಯವನೊಬ್ಬ ಇದನ್ನು ನೋಡಿ, "ಓ, ನಮ್ಮ ಲೋರಿಂತ್ಸ್" ಅಂದ. ಕಾರ್ಕಳದ ಕಡೆಯವನಾದ ನನಗೆ ಅತ್ತೂರು ನೆನಪಾಯಿತು. ಮೂರೂ ಒಂದೇ ಹೆಸರು!

ಮೂಲ ಲ್ಯಾಟಿನ್ನಿನ ಲೌರೆಂಟಿಯಸ್. ರೋಮ್ ಹತ್ತಿರದ ಲೌರೆಂಟಮ್ ಎಂಬ ಊರಿನವನು ಅಂತ ಅರ್ಥ. ಗೆದ್ದವರ ತಲೆಗೆ ಕಿರೀಟ ಮಾಡುತ್ತಿದ್ದ ಲಾರೆಲ್ ಗಿಡಕ್ಕೂ ಇದನ್ನು ಜೋಡಿಸುತ್ತಾರೆ. ಹೆಸರು ಊರೂರಿಗೆ ಹೋದದ್ದು ಮಾತ್ರ 258ರಲ್ಲಿ ರೋಮ್‌ನಲ್ಲಿ ಸತ್ತ ಒಬ್ಬ ಚರ್ಚ್ ಸೇವಕನಿಂದ. ಚರ್ಚಿನ ಸಂಪತ್ತು ತಂದೊಪ್ಪಿಸು ಅಂದಾಗ ಇದ್ದದ್ದನ್ನೆಲ್ಲ ಹಂಚಿ, ಊರಿನ ಬಡವರನ್ನು ಸಾಲಾಗಿ ಕರೆತಂದು "ಇದೇ ಸಂಪತ್ತು" ಅಂತ ತೋರಿಸಿದನಂತೆ. ಕೆಂಡದ ಮೇಲಿನ ಕಬ್ಬಿಣದ ಜಾಲರಿಯಲ್ಲಿ ಸುಟ್ಟು ಕೊಂದರು ಅಂತ ಕಥೆ. ಅದಕ್ಕೇ ಅಡುಗೆಯವರಿಗೆ ಅವನು ಕಾಯುವ ಸಂತ!

ಹಂಗೇರಿಯವರು ಕ್ರೈಸ್ತರಾದದ್ದು 1000ದ ಆಸುಪಾಸಿನಲ್ಲಿ, ಇಸ್ತ್ವಾನ್ ರಾಜನ ಕಾಲದಲ್ಲಿ. ಸಂತರ ಹೆಸರುಗಳು ಆಮೇಲೆ ಅವರ ನಾಲಿಗೆಗೆ ತಕ್ಕಂತೆ ತಿರುಗಿದವು. ಆ "ಲೋ" ಕನ್ನಡದಲ್ಲಿ ಬರೆಯಲಿಕ್ಕೆ ಸರಿಯಾಗಿ ಬರುವುದಿಲ್ಲ. ತುಟಿ ದುಂಡಗೆ ಮಾಡಿ "ಲೇ" ಅನ್ನಬೇಕು. ಬುಡಾಪೆಸ್ಟ್‌ನ 18ನೇ ವಾರ್ಡಿನಲ್ಲಿ ಪೆಶ್ಟ್‌ಸೆಂಟ್‌ಲೋರಿಂತ್ಸ್ ಅಂತ ಇದೇ ಹೆಸರಿನ ಬಡಾವಣೆ ಇದೆ. ಆಗಸ್ಟ್ 10 ಅವನ ಹಬ್ಬ. ಅದು ಕಳೆದರೆ ಕಲ್ಲಂಗಡಿಗೆ ರುಚಿಯಿಲ್ಲ, ಲೋರಿಂತ್ಸ್ ಅದರೊಳಗೆ ಉಚ್ಚೆ ಹೊಯ್ದಿದ್ದಾನೆ ಅಂತ ಹಳ್ಳಿಯವರ ಮಾತು. ದೇವರ ಹತ್ತಿರ ಇಷ್ಟು ಸಲಿಗೆ ನಮ್ಮಲ್ಲೂ ಉಂಟಲ್ಲ?

ಇನ್ನು ನಮ್ಮೂರಿಗೆ ಬರೋಣ. ಅತ್ತೂರಿನ ಚರ್ಚ್ 1759ರದ್ದು. 1784ರಲ್ಲಿ ಟಿಪ್ಪು ಕರಾವಳಿಯ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದ. ಬದುಕಿದವರು 1799ರ ನಂತರ ಮರಳಿದರು. ಹೊಸ ಚರ್ಚಿಗೆ ಜಾಗ ಹುಡುಕುತ್ತ, ಮರದ ಪುಟ್ಟ ಮೂರ್ತಿಯನ್ನು ನೀರಿನ ಪಕ್ಕ ಇಳಿಸಿ ದಣಿವಾರಿಸಿಕೊಂಡರಂತೆ. ಎತ್ತಲು ಹೋದರೆ ಮೂರ್ತಿ ಕದಲಲಿಲ್ಲ, ಅಲ್ಲೇ ಕಟ್ಟಿದರು. ಜನವರಿಯ ಜಾತ್ರೆಗೆ ಹಿಂದೂಗಳೂ ಮುಸ್ಲಿಮರೂ ಮೋಂಬತ್ತಿ ಹಚ್ಚಲು ಬರುತ್ತಾರೆ. 2016ರಲ್ಲಿ ಅದು ಬೆಸಿಲಿಕಾ ಆಯಿತು.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, "ಲಾರೆನ್ಸಾ? ಅದು ಫಾರಿನ್ ಹೆಸರಲ್ವಾ?" ಅಂತ ಊರಿನ ಗೆಳೆಯರನ್ನು ನಮ್ಮ ಕನ್ನಡ ಕೂಟಗಳಲ್ಲೇ ಕೇಳುವವರಿದ್ದಾರೆ. ಹಾರ್ಲೆಮ್‌ಗೂ ಅದು ಫಾರಿನ್ನೇ, ಬುಡಾಪೆಸ್ಟ್‌ಗೂ ಫಾರಿನ್ನೇ. ಅಲ್ಲಿ ಯಾರೂ ಹಾಗೆ ಕೇಳುವುದಿಲ್ಲ.

ಕೋಸ್ಟರ್‌ನ ಉಳಿದ ಹೆಸರಂತೂ ನಮ್ಮದೇ ಲೆಕ್ಕ. ಯಾನ್ಸೋನ್ ಅಂದರೆ ಯಾನ್‌ನ ಮಗ. ಕೋಸ್ಟರ್ ಅಂದರೆ ಚರ್ಚಿನ ಉಸ್ತುವಾರಿಯವನು, ನಮ್ಮ ಬಡಿಗೇರ, ಪತ್ತಾರ ಇದ್ದ ಹಾಗೆ. ಹಂಗೇರಿಯವರು ಮನೆತನದ ಹೆಸರನ್ನು ಮೊದಲು ಬರೆಯುತ್ತಾರೆ: ಅವರ ಕವಿ ಸಬೋ ಲೋರಿಂತ್ಸ್ (1900–1957), ಸಬೋ ಅಂದರೆ ದರ್ಜಿ. ನಮ್ಮಲ್ಲೂ ಊರು, ಅಪ್ಪ ಮೊದಲು, ಆಮೇಲೆ ನಾವು. ಇಲ್ಲಿನ ಫಾರಂ ತುಂಬುವಾಗ ಆ ಹಂಗೇರಿಯವನಿಗೂ ನನಗೂ ಒಂದೇ ತಕರಾರು, ಯಾವುದು ಮುಂದೆ ಯಾವುದು ಹಿಂದೆ ಅಂತ.