ವದಂತಿ, ಕಾನೂನು ಮತ್ತು ವಾಕ್ ಸ್ವಾತಂತ್ರ್ಯ: ಹಾವೇರಿ ಜಿಲ್ಲೆಯ ಪ್ರಕರಣ

ಶಿಗ್ಗಾಂವ: ಸುಳ್ಳು ಸುದ್ದಿಯನ್ನು ತಡೆಯಬೇಕು ಎಂಬುದರಲ್ಲಿ ಭಿನ್ನಮತವಿಲ್ಲ. ಆದರೆ ಯಾವುದು ಸುಳ್ಳು ಎಂದು ನಿರ್ಧರಿಸುವವರು ಯಾರು? 2024ರಲ್ಲಿ ಹಾವೇರಿ ಜಿಲ್ಲೆ ಈ ಪ್ರಶ್ನೆಯನ್ನು ಎದುರಿಸಿತು.

ಹಿನ್ನೆಲೆ

ಸಂಸದರಾಗಿ ಆಯ್ಕೆಯಾದ ಬಸವರಾಜ ಬೊಮ್ಮಾಯಿ ಅವರಿಂದ ತೆರವಾದ ಶಿಗ್ಗಾಂವ ವಿಧಾನಸಭಾ ಕ್ಷೇತ್ರಕ್ಕೆ 2024ರ ನವೆಂಬರ್ 13ರಂದು ಉಪಚುನಾವಣೆ ನಡೆಯಿತು. ಆಗ ರಾಜ್ಯದಾದ್ಯಂತ ವಕ್ಫ್ ಆಸ್ತಿ ವಿವಾದ ಕಾವೇರಿತ್ತು. ಅಕ್ಟೋಬರ್ ಅಂತ್ಯದಲ್ಲಿ ನೆರೆಯ ಸವಣೂರು ತಾಲೂಕಿನ ಕಡಕೋಳದಲ್ಲಿ, ಆಸ್ತಿಗಳು ವಕ್ಫ್ ಹೆಸರಿಗೆ ದಾಖಲಾಗುತ್ತವೆ ಎಂಬ ವದಂತಿ ಹಬ್ಬಿ ಮನೆಗಳ ಮೇಲೆ ಕಲ್ಲು ತೂರಾಟ ನಡೆಯಿತು.

ಪ್ರಕರಣ

ಮತದಾನಕ್ಕೆ ಕೆಲವೇ ದಿನಗಳಿದ್ದಾಗ, ಜಮೀನು ವಕ್ಫ್ ಪಾಲಾದುದರಿಂದ ಹಾವೇರಿಯ ರೈತರೊಬ್ಬರು ಆತ್ಮಹತ್ಯೆ ಮಾಡಿಕೊಂಡರೆಂದು ಸಂಸದ ತೇಜಸ್ವಿ ಸೂರ್ಯ 'ಎಕ್ಸ್' ಜಾಲತಾಣದಲ್ಲಿ ಬರೆದರು. ಅದು 2022ರ ಜನವರಿಯ ಘಟನೆ, ಸಾಲ ಹಾಗೂ ಬೆಳೆ ನಷ್ಟವೇ ಕಾರಣ ಎಂದು ಜಿಲ್ಲಾ ಪೊಲೀಸರು ಸ್ಪಷ್ಟಪಡಿಸಿದರು. ಬರಹವನ್ನು ಅಳಿಸಲಾಯಿತು. ಆದರೂ ಭಾರತೀಯ ನ್ಯಾಯ ಸಂಹಿತೆಯ 353(2)ನೇ ಕಲಮಿನಡಿ ಸಂಸದರ ಮೇಲೆ ಮೊಕದ್ದಮೆ ದಾಖಲಾಯಿತು. ಸುದ್ದಿ ಪ್ರಕಟಿಸಿದ ಕನ್ನಡ ಜಾಲತಾಣಗಳ ಸಂಪಾದಕರೂ ಆರೋಪಿಗಳಾದರು.

ಸುಳ್ಳು ಮಾಹಿತಿ ಅಥವಾ ವದಂತಿಯ ಮೂಲಕ ಸಮುದಾಯಗಳ ನಡುವೆ ವೈರ ಬೆಳೆಸುವುದನ್ನು ಈ ಕಲಮು ಅಪರಾಧವೆನ್ನುತ್ತದೆ. ಅಪರಾಧದ ಅಂಶಗಳು ಕಂಡುಬರುವುದಿಲ್ಲವೆಂದು ಹೈಕೋರ್ಟ್ 2024ರ ಡಿಸೆಂಬರ್‌ನಲ್ಲಿ ಸಂಸದರ ಮೇಲಿನ ಮೊಕದ್ದಮೆಯನ್ನು ರದ್ದುಪಡಿಸಿತು. ರಾಜ್ಯ ಸರ್ಕಾರದ ಮೇಲ್ಮನವಿಯನ್ನು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ವಜಾಗೊಳಿಸಿತು. ಅಂದರೆ, ಮಾಹಿತಿ ತಪ್ಪಾಗಿದೆ ಎಂಬ ಮಾತ್ರಕ್ಕೆ ಅದು ಅಪರಾಧವಾಗುವುದಿಲ್ಲ.

ತುರ್ತು ಪರಿಸ್ಥಿತಿಯ ಪಾಠ

ಸತ್ಯವನ್ನು ನಿರ್ಧರಿಸುವ ಅಧಿಕಾರ ಸರ್ಕಾರದ ಕೈಸೇರಿದರೆ ಏನಾಗುತ್ತದೆ ಎಂಬುದಕ್ಕೆ 1975-77ರ ತುರ್ತು ಪರಿಸ್ಥಿತಿಯೇ ನಿದರ್ಶನ. ಪತ್ರಿಕೆಗಳ ಮೇಲೆ ಪೂರ್ವ ಪರಿಶೀಲನೆ ಹೇರಲಾಯಿತು. ಬೆಂಗಳೂರಿನಲ್ಲಿದ್ದ ವಾಜಪೇಯಿ, ಅಡ್ವಾಣಿ ಬಂಧಿತರಾದರು. ಬೆಂಗಳೂರು ಕೇಂದ್ರ ಕಾರಾಗೃಹದಲ್ಲಿದ್ದ ಕಲಾವಿದೆ ಸ್ನೇಹಲತಾ ರೆಡ್ಡಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ನಿಧನರಾದರು. ಸುದ್ದಿಗೆ ಬೀಗ ಬಿದ್ದಲ್ಲಿ ವದಂತಿಗೆ ಬಾಗಿಲು ತೆರೆಯುತ್ತದೆ.

ಇಂದಿನ ಕಾನೂನು

ಸಂವಿಧಾನದ 19(1)(ಎ) ವಿಧಿ ವಾಕ್ ಸ್ವಾತಂತ್ರ್ಯ ನೀಡಿದರೆ, 19(2)ನೇ ವಿಧಿ ಸಾರ್ವಜನಿಕ ಸುವ್ಯವಸ್ಥೆ ಮೊದಲಾದ ಕಾರಣಗಳಿಗೆ ಸಮಂಜಸ ನಿರ್ಬಂಧಗಳಿಗೆ ಅವಕಾಶ ಕೊಡುತ್ತದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರಲ್ಲಿ ರದ್ದುಗೊಳಿಸಿತು. ಕೇಂದ್ರದ ಸತ್ಯಶೋಧನಾ ಘಟಕದ ನಿಯಮವನ್ನು ಬಾಂಬೆ ಹೈಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ತಳ್ಳಿಹಾಕಿತು. 2025ರ ಜೂನ್‌ನಲ್ಲಿ ಬೆಳಕಿಗೆ ಬಂದ ಕರ್ನಾಟಕದ ಕರಡು ಮಸೂದೆಯು ಸುಳ್ಳು ಸುದ್ದಿಗೆ 7 ವರ್ಷದವರೆಗೆ ಸೆರೆವಾಸ ಸೂಚಿಸಿತ್ತು. ಅದು ತೀವ್ರ ಟೀಕೆಗೊಳಗಾಯಿತು.

ಕಡಕೋಳದ ಕಲ್ಲುಗಳು ವದಂತಿಯ ಬೆಲೆಯನ್ನು ತೋರಿಸಿದರೆ, ತುರ್ತು ಪರಿಸ್ಥಿತಿ ಮೌನದ ಬೆಲೆಯನ್ನು ತೋರಿಸಿತು. ಘಟನೆ ನಡೆದ ದಿನಾಂಕ ಯಾವುದು, ಹೇಳಿದವರು ಯಾರು, ದಾಖಲೆ ಏನಿದೆ ಎಂಬ ಮೂರು ಪ್ರಶ್ನೆಗಳನ್ನು ಓದುಗ ಕೇಳಿಕೊಂಡರೆ ಎರಡೂ ಬೆಲೆಗಳನ್ನು ತೆರುವ ಪ್ರಸಂಗ ಕಡಿಮೆಯಾದೀತು.