ಬಸ್ತಿಹಳ್ಳಿಯ ಕಂಬ ಮತ್ತು ಧರ್ಮವಿಮರ್ಶೆ



ಹಳೇಬೀಡಿನ ಹೊಯ್ಸಳೇಶ್ವರನ ದರ್ಶನಕ್ಕೆ ಹೋದವರು ಸಮೀಪದ ಬಸ್ತಿಹಳ್ಳಿಗೂ ಹೋಗಿಬರಬೇಕು. ಅಲ್ಲಿ ಪಾರ್ಶ್ವನಾಥ, ಆದಿನಾಥ, ಶಾಂತಿನಾಥರ ಮೂರು ಬಸದಿಗಳಿವೆ. ಆಧುನಿಕ ಚಿಂತಕರು ಧರ್ಮದ ಮೇಲೆ ಹೊರಿಸಿರುವ ಆಕ್ಷೇಪಣೆಗಳಿಗೆ ಪಾರ್ಶ್ವನಾಥ ಬಸದಿಯ ಚರಿತ್ರೆಯು ತಕ್ಕ ಒರೆಗಲ್ಲಾಗಿದೆ.

ಆ ಆಕ್ಷೇಪಣೆಗಳು ಯಾವುವು? ಧರ್ಮವು ದುಃಖವನ್ನು ಮರೆಸಿ, ಬಲವುಳ್ಳವರ ಏರ್ಪಾಟನ್ನು ಕಾಯುತ್ತದೆಂದು ಕಾರ್ಲ್ ಮಾರ್ಕ್ಸ್ 1844ರಲ್ಲಿ ವಾದಿಸಿದನು. ಪವಿತ್ರ ಚಿಹ್ನೆಯ ರೂಪದಲ್ಲಿ ಸಮಾಜವು ತನ್ನನ್ನೇ ಪೂಜಿಸಿಕೊಳ್ಳುತ್ತದೆಂದು ಎಮಿಲ್ ಡರ್ಕೈಮ್ 1912ರಲ್ಲಿ ಪ್ರತಿಪಾದಿಸಿದನು. ಮಗುವು ತಂದೆಯ ಆಸರೆಯನ್ನು ಬಯಸುವಂತೆ ಅಸಹಾಯಕ ಮಾನವನು ದೇವರನ್ನು ಬಯಸುತ್ತಾನೆಂದು ಸಿಗ್ಮಂಡ್ ಫ್ರಾಯ್ಡ್ 1927ರಲ್ಲಿ ಬರೆದನು.

ಇನ್ನು ಬಸದಿಯ ಕಥೆಯನ್ನು ಕೇಳಿರಿ. ದಂಡನಾಯಕ ಗಂಗರಾಜನ ನೆನಪಿಗಾಗಿ ಅವನ ಮಗ ಬೊಪ್ಪನು 1133ರಲ್ಲಿ ಇದನ್ನು ಕಟ್ಟಿಸಿದನು. ಯುದ್ಧದಲ್ಲಿ ಗೆಲುವು, ಮನೆಯಲ್ಲಿ ಪುತ್ರೋತ್ಸವ ಕೂಡಿಬಂದ ವೇಳೆಗೆ ಬಸದಿಯ ಪ್ರಸಾದವನ್ನು ಪಡೆದ ವಿಷ್ಣುವರ್ಧನನು ದೇವರಿಗೆ ವಿಜಯಪಾರ್ಶ್ವನೆಂದೂ ಮಗನಿಗೆ ವಿಜಯನರಸಿಂಹನೆಂದೂ ಹೆಸರಿಟ್ಟನು. ತಂದೆಯನ್ನು ಅಗಲಿದ ಮಗ, ದೇವರಲ್ಲಿ ಜಯವನ್ನು ಕಂಡ ಅರಸ: ಫ್ರಾಯ್ಡನ ಮಾತನ್ನು ಹಗುರವಾಗಿ ತಳ್ಳಿಹಾಕಲಾಗದು.

ಐದು ಶತಮಾನಗಳ ತರುವಾಯ, 1638ರ ಶಾಸನವು ನಮ್ಮನ್ನೇ ಕುರಿತು ನುಡಿಯುತ್ತದೆ. ವೀರಶೈವನಾದ ಹುಚ್ಚಪ್ಪದೇವನು ಈ ಬಸದಿಯ ಕಂಬಗಳ ಮೇಲೆ ಲಿಂಗಮುದ್ರೆಯನ್ನೊತ್ತಿದನು. ಜೈನನಾದ ವಿಜಯಪ್ಪನು ಅದನ್ನು ಅಳಿಸಿದನು. ಆತ್ಮಸಾಧನೆಯ ಕುರುಹಾದ ಲಿಂಗವು ಇಲ್ಲಿ ಒಂದು ಪಂಗಡದ ಬಾವುಟವಾಯಿತು. ಡರ್ಕೈಮನು ಹೇಳಿದುದೂ ಇದನ್ನೇ ಅಲ್ಲವೇ?

ಆಗ ಬೇಲೂರನ್ನು ವೆಂಕಟಾದ್ರಿನಾಯಕನು ಆಳುತ್ತಿದ್ದನು. ಮಹಾಮಹತ್ತಿನ ಹಿರಿಯರೂ ಜೈನ ಪ್ರಮುಖರೂ ಕೂಡಿ ವಿಚಾರಿಸಿ ಒಂದು ಒಪ್ಪಂದಕ್ಕೆ ಬಂದರು. ಮೊದಲು ವಿಭೂತಿ ವೀಳ್ಯಗಳನ್ನು ಸಲ್ಲಿಸಿ, ಬಳಿಕ ಜೈನರು ತಮ್ಮ ಪೂಜೆಯನ್ನು ಹಿಂದಿನಂತೆಯೇ ನಡೆಸಿಕೊಳ್ಳಬೇಕು. ಪರರ ಬಸದಿಯಲ್ಲಿ ನಮ್ಮ ವಿಭೂತಿಗೆ ಅಗ್ರಸ್ಥಾನವೇಕೆ? ಬಲವುಳ್ಳವರ ಕೈ ಮೇಲಾಯಿತೆಂದು ಮಾರ್ಕ್ಸನ ಅನುಯಾಯಿಗಳು ಕೇಳಿದರೆ ನಾವು ಮೌನವಾಗಿ ಒಪ್ಪಬೇಕಾಗುತ್ತದೆ.

ಆದರೆ ಶಾಸನವು ಅಲ್ಲಿಗೇ ಮುಗಿಯುವುದಿಲ್ಲ. ಈ ಜಿನಧರ್ಮಕ್ಕೆ ಅಡ್ಡಿಮಾಡಿದವನು ಶಿವದ್ರೋಹಿ, ವಿಭೂತಿ ರುದ್ರಾಕ್ಷಿಗಳಿಗೂ ದ್ರೋಹಿ ಎಂದು ಅದು ಸಾರುತ್ತದೆ. ಕಂಬಕ್ಕೆ ಮುದ್ರೆಯನ್ನೊತ್ತಿಸಿದ ಶ್ರದ್ಧೆಯ ಹೆಸರಿನಲ್ಲಿಯೇ ಕೈಯನ್ನು ತಡೆಯುವ ಆಣೆಯೂ ಹುಟ್ಟಿತು. ಮೂವರು ಚಿಂತಕರ ಸೂತ್ರಗಳಿಗೆ ಸುಲಭವಾಗಿ ನಿಲುಕದ ಸತ್ಯವಿದು: ಧರ್ಮವು ತನ್ನ ತಪ್ಪನ್ನು ತನ್ನ ನುಡಿಯಲ್ಲಿಯೇ ತಿದ್ದಿಕೊಳ್ಳಬಲ್ಲದು, ಅರೆಮಟ್ಟಿಗಾದರೂ.

ಸ್ಥಾವರವನ್ನೇ ಪ್ರಶ್ನಿಸಿದ ಶರಣರ ಮಕ್ಕಳಿಗೆ ವಿಮರ್ಶೆಯ ಅಂಜಿಕೆಯೇಕೆ? ಬಸ್ತಿಹಳ್ಳಿಗೆ ಹೋದಾಗ ಆ ಕಂಬಗಳ ಮುಂದೆ ಕ್ಷಣಕಾಲ ನಿಲ್ಲಿರಿ. ಉಳಿದರ್ಧವನ್ನು ತಿದ್ದುವ ಹೊಣೆ ನಮ್ಮದಾಗಿದೆ.